ಗಾಜಿನ ಮುಖವಾಡ: ನಾಟಕದ ಹುಚ್ಚು ಹಿಡಿಸುವ ಮಾಂಗಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ, ಓದುವ ಗೆಳೆಯರ ಹತ್ತಿರ ಈ ಹೆಸರು ಎತ್ತಿದರೆ ಎರಡೇ ಬಗೆಯ ಮಾತು ಬರುತ್ತದೆ. ‘ಅದ್ಯಾವುದು, ಕೇಳೇ ಇಲ್ವಲ್ಲ’ ಅನ್ನುವವರು ಒಂದು ಕಡೆ. ‘ಮುಗೀತಾ?’ ಅಂತ ಆಸೆಯಿಂದ ಕೇಳುವವರು ಇನ್ನೊಂದು ಕಡೆ. ಇಬ್ಬರಿಗೂ ಸೇರಿಸಿ ಬರೆದಿದ್ದೇನೆ. ಕಥೆಯ ತಿರುವುಗಳು ಅಲ್ಲಲ್ಲಿ ಬಂದೇ ಬರುತ್ತವೆ. ಏನೂ ಗೊತ್ತಿಲ್ಲದೆ ಓದಬೇಕು ಅನ್ನುವವರು ಮೊದಲ ಮೂರು ಪ್ರಶ್ನೆ ಮುಗಿಸಿ ಎದ್ದುಬಿಡಿ.

ಇದು ಯಾವ ಮಾಂಗಾ? ಯಾರು ಬರೆದದ್ದು?

ಜಪಾನಿ ಹೆಸರು ‘ಗರಾಸು ನೋ ಕಾಮೆನ್’. ಬರೆದು ಚಿತ್ರಿಸಿದವರು ಮಿಉಚಿ ಸುಝುಯೆ. ಹಾಕುಸೆನ್ಶಾ ಪ್ರಕಾಶನದ ‘ಹಾನಾ ತೋ ಯುಮೆ’ ಪತ್ರಿಕೆಯಲ್ಲಿ 1976ರಲ್ಲಿ ಧಾರಾವಾಹಿಯಾಗಿ ಶುರುವಾಯಿತು. ಪತ್ರಿಕೆಯ ಹೆಸರಿನ ಅರ್ಥ ‘ಹೂವು ಮತ್ತು ಕನಸು’. ಅಷ್ಟರಲ್ಲೇ ತಿಳಿಯುತ್ತೆ, ಹದಿಹರೆಯದ ಹುಡುಗಿಯರಿಗಾಗಿ ಬರುವ ಪತ್ರಿಕೆ. 49 ಸಂಪುಟಗಳು ಬಂದಿವೆ. 49ನೆಯದು ಬಂದದ್ದು 2012ರಲ್ಲಿ. ಜಪಾನಿನಲ್ಲಿ 5 ಕೋಟಿಗೂ ಹೆಚ್ಚು ಪ್ರತಿಗಳು ಅಚ್ಚಾಗಿವೆ.

ಕಥೆ ಕೇಳೋಕೆ ಸರಳ. ಕಿತಾಜಿಮಾ ಮಾಯಾ ಅನ್ನುವ 13 ವರ್ಷದ ಬಡ ಹುಡುಗಿ. ಓದಿನಲ್ಲಿ ಹಿಂದೆ, ಕೆಲಸದಲ್ಲಿ ಎಡವಟ್ಟು, ನೋಡೋಕೂ ಸಾಧಾರಣ. ಇದು ನಾನು ಹೇಳಿದ್ದಲ್ಲ, ಅವಳ ಅಮ್ಮನೇ ದಿನಾ ಹೇಳುವುದು. ಆದರೆ ವೇದಿಕೆ ಹತ್ತಿದರೆ ಬೇರೆಯೇ ಆಗಿಬಿಡುತ್ತಾಳೆ. ಮುಖದ ಅರ್ಧ ಭಾಗವನ್ನು ಕೂದಲಿನಲ್ಲಿ ಮುಚ್ಚಿಕೊಂಡ ತ್ಸುಕಿಕಾಗೆ ಚಿಗುಸಾ ಎಂಬ ಹಳೆಯ ಕಾಲದ ಮಹಾನಟಿ ಇವಳನ್ನು ಕಂಡುಹಿಡಿದು ತರಬೇತಿ ಕೊಡುತ್ತಾಳೆ. ಎದುರಾಳಿ ಹಿಮೆಕಾವಾ ಆಯುಮಿ. ಅಪ್ಪ ಸಿನಿಮಾ ನಿರ್ದೇಶಕ, ಅಮ್ಮ ಹೆಸರಾಂತ ನಟಿ, ಮಗಳು ಚೆಲುವೆ. ಇಬ್ಬರಿಗೂ ಬೇಕಾದದ್ದು ಒಂದೇ ಪಾತ್ರ. ಆ ನಾಟಕದ ಹೆಸರು ‘ಕುರೆನಾಯಿ ತೆನ್ನ್ಯೋ’. ಅದರ ಹಕ್ಕು ಇರುವುದು ತ್ಸುಕಿಕಾಗೆ ಕೈಯಲ್ಲಿ.

ಮೊದಲ ಸಂಪುಟದಲ್ಲೇ ಹಿಡಿಸುತ್ತಾ, ಇಲ್ಲ ಹತ್ತು ಸಂಪುಟ ಕಾಯಬೇಕಾ?

ಮೊದಲ ಸಂಪುಟದಲ್ಲೇ. ಒಂದು ದೃಶ್ಯ ಹೇಳುತ್ತೇನೆ.

ಮಾಯಾಳ ಅಮ್ಮ ಯೊಕೊಹಾಮಾದ ಚೀನೀ ಊಟದ ಹೋಟೆಲೊಂದರಲ್ಲಿ ಇದ್ದುಕೊಂಡೇ ಕೆಲಸ ಮಾಡುವವಳು. ಮಗಳು ಮನೆಮನೆಗೆ ಊಟ ತಲುಪಿಸುತ್ತಾಳೆ. ವರ್ಷದ ಕೊನೆಯ ರಾತ್ರಿ ಜಪಾನಿನಲ್ಲಿ ಸೋಬಾ ಅನ್ನುವ ಶ್ಯಾವಿಗೆ ತಿನ್ನುವ ಪದ್ಧತಿ ಇದೆ. ಹೋಟೆಲಿಗೆ ಅವತ್ತು ಉಸಿರಾಡೋಕೂ ಬಿಡುವಿಲ್ಲ. ಮಾಲೀಕನ ಮಗಳ ಹತ್ತಿರ ಒಂದು ನಾಟಕದ ಟಿಕೆಟ್ ಇದೆ. ಅವಳು ಪಂತ ಕಟ್ಟುತ್ತಾಳೆ: ‘120 ಸೋಬಾ ನೀನೊಬ್ಬಳೇ ತಲುಪಿಸಿದರೆ ಟಿಕೆಟ್ ನಿನಗೆ.’ ಸುಮ್ನೆ ಗೇಲಿಗೆ ಹೇಳಿದ್ದು. ಮಾಯಾ ಓಡುತ್ತಾಳೆ. ಮೆಟ್ಟಿಲು ಹತ್ತಿ ಇಳಿದು ಕಾಲು ಸೋಲುವವರೆಗೆ ಓಡುತ್ತಾಳೆ. 120 ಮುಗಿಸುತ್ತಾಳೆ. ಆಮೇಲೆ ಟಿಕೆಟ್ ಸಮುದ್ರಕ್ಕೆ ಬೀಳುತ್ತದೆ. ಚಳಿಗಾಲದ ರಾತ್ರಿ, ಬಂದರಿನ ಕಪ್ಪು ನೀರು. ಹುಡುಗಿ ಹಿಂದೆಮುಂದೆ ನೋಡದೆ ಧುಮುಕುತ್ತಾಳೆ.

ನನಗೆ ಇಲ್ಲೇ ಹಿಡಿಯಿತು. ಇನ್ನೂ ಅವಳು ಬಣ್ಣ ಹಚ್ಚಿಲ್ಲ, ಒಂದು ಮಾತೂ ಆಡಿಲ್ಲ. ನಾಟಕ ನೋಡುವ ಆಸೆಯೊಂದೇ. ನೋಡಿ ಬಂದವಳು ಅದರ ಮಾತುಗಳನ್ನೆಲ್ಲ ಒಪ್ಪಿಸಿಬಿಡುತ್ತಾಳೆ, ಒಮ್ಮೆ ಕೇಳಿದ್ದಕ್ಕೇ.

ಹೆಸರಿನಲ್ಲಿ ಗಾಜು ಯಾಕೆ?

ನಟರು ಮುಖವಾಡ ಹಾಕಿಕೊಂಡು ಬೇರೆಯವರಾಗುತ್ತಾರೆ. ಆದರೆ ಆ ಮುಖವಾಡ ಮರದ್ದಲ್ಲ, ಗಾಜಿನದು. ಮನಸ್ಸು ಒಂದು ಕ್ಷಣ ಅಲುಗಿದರೂ ಒಡೆದು ಒಳಗಿನ ನಿಜವಾದ ಮುಖ ಕಾಣಿಸಿಬಿಡುತ್ತದೆ. ತ್ಸುಕಿಕಾಗೆ ಹೇಳಿಕೊಡುವ ಪಾಠ ಇದು.

ನಟನೆ ಅಂದರೆ ದನಿ, ಚಲನೆ, ಉಸಿರು. ಕಾಗದದ ಮೇಲೆ ಅದನ್ನು ತೋರಿಸೋದು ಹೇಗೆ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದೇ. ಸಂಗೀತದ ಮಾಂಗಾಕ್ಕೂ ಇದೇ ಕಷ್ಟ, ಅಡುಗೆಯ ಮಾಂಗಾಕ್ಕೂ ಇದೇ ಕಷ್ಟ. ಹಾಡು ಕೇಳಿಸುವುದಿಲ್ಲ, ಸಾರು ಘಮ್ಮೆನ್ನುವುದಿಲ್ಲ.

ಒಂದು ದಾರಿ ಎಲ್ಲರಿಗೂ ಗೊತ್ತಿರುವಂಥದ್ದು. ನೋಡುವವರ ಮುಖ ಬರೆಯುವುದು. ಮಾಯಾ ಒಂದು ಹೆಜ್ಜೆ ಇಟ್ಟರೆ ಪ್ರೇಕ್ಷಕರು ಬೆಚ್ಚುತ್ತಾರೆ, ಸೈಡ್ ವಿಂಗ್‌ನಲ್ಲಿ ನಿಂತ ನಟರು ಬೆವರುತ್ತಾರೆ, ತ್ಸುಕಿಕಾಗೆ ಕಣ್ಣು ಅಗಲವಾಗುತ್ತದೆ. ಮಿಉಚಿ ಇದನ್ನು ಧಾರಾಳವಾಗಿ ಬಳಸುತ್ತಾರೆ. ಕೆಲವೊಮ್ಮೆ ಜಾಸ್ತಿಯೇ ಆಯ್ತು ಅನ್ನಿಸುತ್ತದೆ.

ಆದರೆ ಓದುಗರನ್ನು 49 ಸಂಪುಟ ಕೂರಿಸಿರುವುದು ಅದಲ್ಲ. ನನ್ನ ಲೆಕ್ಕದಲ್ಲಿ ಇದು ಒಳಗೊಳಗೇ ಒಂದು ಪತ್ತೇದಾರಿ ಕಥೆ. ಪ್ರತಿ ಪಾತ್ರವೂ ಒಂದು ಒಗಟು. ಈ ಹುಡುಗಿ ಇದನ್ನು ಹೇಗೆ ಬಿಡಿಸುತ್ತಾಳೆ ಅನ್ನುವುದೇ ಕುತೂಹಲ. ವೇದಿಕೆಯ ಮೇಲಿನ ಹತ್ತು ಪುಟಕ್ಕಿಂತ ಮೊದಲು ತಾಲೀಮಿನ ನೂರು ಪುಟ ಇರುತ್ತದೆ. ಅಲ್ಲಿ ಅವಳು ತಪ್ಪುತ್ತಾಳೆ, ಬೈಸಿಕೊಳ್ಳುತ್ತಾಳೆ, ಏನೂ ಹೊಳೆಯದೆ ಅಳುತ್ತಾಳೆ. ನಾವೂ ಜೊತೆಗೆ ತಲೆ ಕೆರೆದುಕೊಳ್ಳುತ್ತೇವೆ. ಅವಳಿಗೆ ಹೊಳೆದಾಗ ನಮಗೂ ಹೊಳೆಯುತ್ತದೆ. ಹಾಗಾಗಿ ಪರದೆ ಮೇಲೇಳುವ ಹೊತ್ತಿಗೆ ದನಿ ಕೇಳಿಸಬೇಕಾಗಿಯೇ ಇಲ್ಲ. ಆ ದನಿ ಎಲ್ಲಿಂದ ಹುಟ್ಟಿತು ಅಂತ ನಾವು ಆಗಲೇ ನೋಡಿಯಾಗಿದೆ.

ಒಂದು ಸಲ ಅವಳಿಗೆ ಗೊಂಬೆಯ ಪಾತ್ರ ಬರುತ್ತದೆ. ಮಾತಿಲ್ಲ, ಚಲನೆಯಿಲ್ಲ, ರೆಪ್ಪೆ ಬಡಿಯುವ ಹಾಗಿಲ್ಲ. ನಟಿಗೆ ಇದಕ್ಕಿಂತ ಕಷ್ಟ ಯಾವುದಿದೆ? ತ್ಸುಕಿಕಾಗೆ ಅವಳ ಮೈಗೆ ಬಿದಿರಿನ ಕಟ್ಟು ಕಟ್ಟಿಸುತ್ತಾಳೆ. ಕೂರುವುದು, ಏಳುವುದು, ಉಣ್ಣುವುದು ಎಲ್ಲ ಆ ಬಿದಿರಿನ ಜೊತೆಗೇ. ಕೈ ಎಲ್ಲಿಯವರೆಗೆ ಬಾಗುತ್ತದೆ, ಕತ್ತು ಎಷ್ಟು ತಿರುಗುತ್ತದೆ ಅನ್ನುವುದು ಮೂಳೆಗೇ ಗೊತ್ತಾಗುತ್ತದೆ. ಕಟ್ಟು ಬಿಚ್ಚಿದ ಮೇಲೂ ಅವಳು ಗೊಂಬೆಯ ಹಾಗೇ ನಡೆಯುತ್ತಾಳೆ. ಆಮೇಲೆ ಒಂದು ಪ್ರದರ್ಶನದಲ್ಲಿ, ಅಮ್ಮನ ವಿಷಯ ಮನಸ್ಸಿಗೆ ಬಂದು, ಗೊಂಬೆಯ ಕಣ್ಣಿನಿಂದ ನೀರು ಉದುರುತ್ತದೆ. ಗಾಜು ಒಡೆಯುವುದು ಅಂದರೆ ಅದು.

ನೋಡಲೇಬೇಕಾದ ಒಂದೇ ಒಂದು ದೃಶ್ಯ ಹೇಳಿ ಅಂದರೆ?

ಮಣ್ಣಿನ ಮಂಜೂ. ಜಪಾನಿನ ಯಾವ ಅಭಿಮಾನಿಯನ್ನು ಕೇಳಿದರೂ ಇದರ ಹೆಸರು ಬರುತ್ತದೆ.

ಮಂಜೂ ಅಂದರೆ ಒಳಗೆ ಸಿಹಿ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ತಿಂಡಿ. ಮಾಯಾ ಆ ನಾಟಕದಲ್ಲಿ ತೊಕಿ ಎಂಬ ಬಡ ಹಳ್ಳಿ ಹುಡುಗಿ. ವೇದಿಕೆಯ ಮೇಲೆ ಮಂಜೂ ತಿಂದು ‘ಆಹಾ’ ಅನ್ನಬೇಕು. ಅವಳನ್ನು ಕಂಡರಾಗದ ಯಾರೋ ಮಂಜೂ ತೆಗೆದು ಅದೇ ಆಕಾರದ ಮಣ್ಣಿನುಂಡೆ ಇಟ್ಟಿದ್ದಾರೆ. ಕೈಗೆ ತೆಗೆದುಕೊಂಡಾಗಲೇ ಅವಳಿಗೆ ಗೊತ್ತಾಗುತ್ತದೆ. ಎದುರಿಗೆ ತುಂಬಿದ ಸಭೆ. ಎಸೆದರೆ ನಾಟಕ ಕೆಡುತ್ತದೆ. ತಿಂದ ಹಾಗೆ ನಟಿಸಿ ಕೈಯಲ್ಲಿ ಮರೆಮಾಡಬಹುದು. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಅವಳು ತನಗೆ ತಾನೇ ಹೇಳಿಕೊಳ್ಳುವುದು ಇಷ್ಟೇ: ನಾನು ತೊಕಿ. ತೊಕಿಗೆ ಇದು ಹುಟ್ಟಿದಾಗಿನಿಂದ ತಿನ್ನದ ರುಚಿ. ತಿನ್ನುತ್ತಾಳೆ. ಹಲ್ಲಿನ ನಡುವೆ ಮರಳು ಕರಕರ ಅನ್ನುತ್ತದೆ. ಮುಖ ಅರಳಿರುತ್ತದೆ. ಇಡೀ ಉಂಡೆ ಮುಗಿಸುತ್ತಾಳೆ.

ಮಾಂಗಾದಲ್ಲಿ ಶಬ್ದವನ್ನೂ ಅಕ್ಷರದಲ್ಲೇ ಬರೆಯುತ್ತಾರಲ್ಲ, ಆ ಕರಕರ ಶಬ್ದದ ಅಕ್ಷರಗಳು ನಗುವ ಮುಖದ ಪಕ್ಕದಲ್ಲೇ ಇವೆ. ಕಣ್ಣು ಒಂದನ್ನು ಓದುತ್ತದೆ, ನಾಲಿಗೆ ಇನ್ನೊಂದನ್ನು. ಸಿನಿಮಾದಲ್ಲೂ ಇಷ್ಟು ಚೆನ್ನಾಗಿ ಬರುವುದಿಲ್ಲ ಅಂತ ನನ್ನ ಹಟ.

ಮಾಯಾ ಹುಟ್ಟು ಪ್ರತಿಭೆ, ಆಯುಮಿ ಶ್ರೀಮಂತರ ಮಗಳು. ಹಾಗಾದರೆ ಆಯುಮಿ ಖಳನಾಯಕಿ ತಾನೇ?

ಅಲ್ಲ. ಅಲ್ಲವೇ ಅಲ್ಲ. ಹೊಸಬರು ಹೀಗೆ ಅಂದುಕೊಂಡೇ ಓದಲು ಕೂರುತ್ತಾರೆ. ಹತ್ತು ಸಂಪುಟ ಆಗುವ ಹೊತ್ತಿಗೆ ಅರ್ಧ ಜನ ಆಯುಮಿ ಕಡೆ ವಾಲಿರುತ್ತಾರೆ.

ಮಾಯಾಳದ್ದು ದೇವರು ಮೈಮೇಲೆ ಬಂದ ಹಾಗೆ. ಪಾತ್ರ ಒಳಗೆ ಹೊಕ್ಕಿತು ಅಂದರೆ ಅವಳು ಅವಳಾಗಿರುವುದಿಲ್ಲ. ಆದರೆ ಬರದಿದ್ದರೆ ಬರಲಿಲ್ಲ. ಆಯುಮಿಗೆ ಆ ಭಾಗ್ಯ ಇಲ್ಲ. ಅವಳದ್ದು ಪೂರ್ತಿ ದುಡಿಮೆ. ಅಪ್ಪ ಅಮ್ಮನ ಹೆಸರಿನಿಂದ ಪಾತ್ರ ಸಿಕ್ಕಿತು ಅನ್ನಿಸಿಕೊಳ್ಳುವುದು ಅವಳಿಗೆ ಬೇಡ. ತನ್ನಲ್ಲಿ ಇಲ್ಲದ್ದು ಮಾಯಾಳಲ್ಲಿ ಇದೆ ಅಂತ ಕಥೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿಯುವವಳೂ ಅವಳೇ. ಹೊರಗಿನವರ ಕಣ್ಣಿಗೆ ಅವಳು ರಾಣಿ. ಒಳಗೆ ಮಾತ್ರ ನಿದ್ದೆಯಿಲ್ಲ.

ನಡುವೆ ಒಂದು ಕಡೆ ಒಟೊಬೆ ನೊರಿಯೆ ಅನ್ನುವ ಹುಡುಗಿ ಕುತಂತ್ರ ಮಾಡಿ ಮಾಯಾಳನ್ನು ಪೂರ್ತಿ ಕೆಳಗೆ ತಳ್ಳಿ, ಅವಳ ಜಾಗಕ್ಕೆ ಬಂದು ಕೂರುತ್ತಾಳೆ. ಇದು ತಿಳಿದ ಆಯುಮಿ ಯಾರಿಗೂ ದೂರು ಹೇಳುವುದಿಲ್ಲ. ನೊರಿಯೆ ಜೊತೆ ಒಂದೇ ನಾಟಕದಲ್ಲಿ ಪಾತ್ರ ಮಾಡುತ್ತಾಳೆ. ರಕ್ತ ಹೀರುವ ಹೆಣ್ಣು ಕಾರ್ಮಿಲಾಳ ಪಾತ್ರ. ನಾಯಕಿ ನೊರಿಯೆ. ಆದರೂ ಪರದೆ ಬೀಳುವ ಹೊತ್ತಿಗೆ ಸಭೆಯಲ್ಲಿ ಯಾರಿಗೂ ನೊರಿಯೆ ನೆನಪಿಲ್ಲ. ಎದುರಾಳಿಯ ಪರವಾಗಿ ಸೇಡು, ಅದೂ ಬರೀ ನಟನೆಯಿಂದ. ಇಂಥವಳನ್ನು ಖಳನಾಯಕಿ ಅನ್ನೋಕಾಗುತ್ತಾ?

ಇಬ್ಬರೂ ಒಂದೇ ವೇದಿಕೆಗೆ ಬರುವುದು ಯಾವಾಗ?

ಹಲವು ಸಲ ಎದುರಾಗುತ್ತಾರೆ. ಹೆಲೆನ್ ಕೆಲರ್ ಬಾಲ್ಯದ ನಾಟಕದಲ್ಲಿ ಇಬ್ಬರಿಗೂ ಹೆಲೆನ್ ಪಾತ್ರವೇ, ಸರದಿಯ ಮೇಲೆ. ಗುರುವಿನ ಪಾತ್ರ ಆಯುಮಿಯ ಅಮ್ಮನದು. ಮಾಯಾ ಬೆಟ್ಟದ ಮೇಲಿನ ಮನೆಯೊಂದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿ ಮುಚ್ಚಿಕೊಂಡು ದಿನಗಟ್ಟಲೆ ಇರುತ್ತಾಳೆ.

ಆದರೆ ನನ್ನ ಮೆಚ್ಚಿನದು ‘ಇಬ್ಬರು ರಾಜಕುಮಾರಿಯರು’. ಒಬ್ಬಳು ಅರಮನೆಯಲ್ಲಿ ಎಲ್ಲರ ಮುದ್ದಿನಿಂದ ಬೆಳೆದ ಆಲ್ಡಿಸ್. ಇನ್ನೊಬ್ಬಳು ಸೆರೆಮನೆಯಲ್ಲಿ ಬೆಳೆದು ಸೇಡಿಗೆ ಕಾದಿರುವ ಒರಿಗೆಲ್ಡ್. ಯಾರಿಗೆ ಯಾವುದು ಅಂತ ಕೇಳುವುದೇ ಬೇಡ ಅಂದುಕೊಳ್ಳುತ್ತೀರಿ. ಆದರೆ ಚೆಲುವೆ ಆಲ್ಡಿಸ್ ಆಗುವುದು ಮಾಯಾ! ಒರಿಗೆಲ್ಡ್ ಆಯುಮಿ. ಇಬ್ಬರಿಗೂ ಏನು ಮಾಡಬೇಕೋ ತೋಚುವುದಿಲ್ಲ. ಕೊನೆಗೆ ಮನೆ ಬದಲಾಯಿಸಿಕೊಳ್ಳುತ್ತಾರೆ. ಮಾಯಾ ಆಯುಮಿಯ ಬಂಗಲೆಗೆ, ಆಯುಮಿ ಮಾಯಾಳ ಬಾಡಿಗೆ ಕೋಣೆಗೆ. ಕಥೆ ನಡೆಯುವುದು ಹಿಮದ ನಾಡಿನಲ್ಲಿ. ಚಳಿ ಅಂದರೇನು ಅಂತ ತಿಳಿಯಲಿ ಎಂದು ತ್ಸುಕಿಕಾಗೆ ಇಬ್ಬರನ್ನೂ ಶೈತ್ಯಾಗಾರದ ಒಳಗೆ ಕರೆದುಕೊಂಡು ಹೋಗುತ್ತಾಳೆ. ಚಳಿಯಲ್ಲಿ ನಡುಗುವುದನ್ನು ಯಾರು ಬೇಕಾದರೂ ನಟಿಸಬಹುದು. ಹುಟ್ಟಿದಾಗಿನಿಂದ ಚಳಿಯಲ್ಲೇ ಇದ್ದವರು ಹೇಗಿರುತ್ತಾರೆ? ಅದೇ ಅವಳ ಪ್ರಶ್ನೆ.

ಒಳಗೆ ಬರುವ ನಾಟಕಗಳೆಲ್ಲ ಕಟ್ಟುಕಥೆಯಾ?

ಎರಡೂ ಇವೆ. ಹಿಗುಚಿ ಇಚಿಯೋ ಬರೆದ ‘ತಾಕೆಕುರಾಬೆ’ ಜಪಾನಿನಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿರುವ ಕಥೆ. ಅದನ್ನು ಮಾಯಾಳ ತಂಡವೂ ಆಯುಮಿಯ ತಂಡವೂ ಒಂದೇ ಸ್ಪರ್ಧೆಯಲ್ಲಿ ಆಡುತ್ತವೆ. ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನಲ್ಲಿ ಮಾಯಾ ಪಕ್ ಅನ್ನುವ ತುಂಟ ಯಕ್ಷ ಆಗುತ್ತಾಳೆ. ಆ ಚುರುಕು ಬರಲೆಂದು ತಂಡದವರೆಲ್ಲ ಅವಳ ಮೇಲೆ ಚೆಂಡು ಎಸೆದು ತಪ್ಪಿಸಿಕೊಳ್ಳುವ ಅಭ್ಯಾಸ ಮಾಡಿಸುತ್ತಾರೆ. ‘ಲಿಟಲ್ ವಿಮೆನ್’ನ ಬೆತ್ ಪಾತ್ರಕ್ಕೆ ಜ್ವರದ ನಟನೆ ಬರುತ್ತಿಲ್ಲ ಅಂತ ರಾತ್ರಿಯೆಲ್ಲ ಮಳೆಯಲ್ಲಿ ನಿಂತು ನಿಜವಾದ ಜ್ವರ ಬರಿಸಿಕೊಳ್ಳುತ್ತಾಳೆ. ಇದನ್ನು ದಯವಿಟ್ಟು ಯಾರೂ ಅನುಸರಿಸಬೇಡಿ.

ತೋಳಗಳ ನಡುವೆ ಬೆಳೆದ ಜೇನ್, ಹೆಣ್ಣು ಕಡಲ್ಗಳ್ಳಿ ಬಿಯಾಂಕಾ, ಗೊಂಬೆ, ತೊಕಿ, ಇವೆಲ್ಲ ಈ ಮಾಂಗಾಕ್ಕೆಂದೇ ಹುಟ್ಟಿದ ನಾಟಕಗಳು. ಬಿಯಾಂಕಾದ ಬಗ್ಗೆ ಒಂದು ಮಾತು. ಹೆಸರು ಕೆಟ್ಟು ಎಲ್ಲ ಕಳೆದುಕೊಂಡ ಮಾಯಾ ಅದನ್ನು ಆಡುವುದು ಶಾಲೆಯಲ್ಲಿ, ಆಟದ ಸಾಮಾನು ಇಡುವ ಕೋಣೆಯಲ್ಲಿ, ಒಬ್ಬಳೇ. ಅಲ್ಲಿ ಬಿದ್ದಿದ್ದ ಸಾಮಾನುಗಳೇ ಹಡಗು, ಅವೇ ಸೆರೆಮನೆ. ಏನೂ ಇಲ್ಲದ ಕಡೆ ನಾಟಕ ಕಟ್ಟುವುದು ಹೇಗೆ ಅಂತ ನೋಡಬೇಕಾದರೆ ಆ ಅಧ್ಯಾಯ ಸಾಕು.

‘ಕುರೆನಾಯಿ ತೆನ್ನ್ಯೋ’ ನಿಜವಾಗಲೂ ಇದೆಯಾ?

ಮಾಂಗಾ ಹುಟ್ಟಿದಾಗ ಇರಲಿಲ್ಲ. ಮಿಉಚಿಯೇ ಕಲ್ಪಿಸಿದ ನಾಟಕ ಅದು. 14ನೆಯ ಶತಮಾನದ ಯುದ್ಧದ ಕಾಲ. ಪ್ಲಮ್ ಮರದ ಆತ್ಮವೇ ಹೆಣ್ಣಾಗಿ ಬಂದ ಅಕೊಯಾ, ದೇವರ ವಿಗ್ರಹ ಕೆತ್ತುವ ಶಿಲ್ಪಿ ಇಶ್ಶಿನ್, ಇಬ್ಬರಿಗೂ ಪ್ರೀತಿ. ಶಾಂತಿಗಾಗಿ ವಿಗ್ರಹ ಕೆತ್ತಬೇಕು. ಅದಕ್ಕೆ ಆ ಮರವನ್ನೇ ಕಡಿಯಬೇಕು. ಕೊಡಲಿ ಎತ್ತುವವನು ಇಶ್ಶಿನ್. ಕಥೆ ಇಷ್ಟು ಹೇಳಿದರೆ ಸಾಕು, ಅಲ್ವಾ?

ತೆನ್ನ್ಯೋ ಅಂದರೆ ನಮ್ಮ ಅಪ್ಸರೆಯೇ. ಬೌದ್ಧ ಧರ್ಮದ ಜೊತೆ ಭಾರತದಿಂದ ಹೊರಟು ಚೀನಾ ದಾಟಿ ಜಪಾನ್ ಸೇರಿದವಳು. ಹಾಗಾಗಿ ಹೆಸರನ್ನು ನಾನು ಮನಸ್ಸಿನಲ್ಲೇ ‘ಕೆಂಪು ಅಪ್ಸರೆ’ ಅಂತ ಓದಿಕೊಳ್ಳುತ್ತೇನೆ.

ಮಜಾ ಏನೆಂದರೆ, ಕಾಗದದ ಮೇಲಿನ ಆ ನಾಟಕ ಆಮೇಲೆ ನಿಜವಾಗಲೂ ವೇದಿಕೆಗೆ ಬಂತು. 2006ರಲ್ಲಿ ‘ನೋ’ ಅನ್ನುವ ಜಪಾನಿನ ಹಳೆಯ ಮುಖವಾಡದ ನಾಟಕವಾಗಿ, 2020ರಲ್ಲಿ ಒಪೆರಾ ಆಗಿ. ಮಾಯಾಗೆ ಇನ್ನೂ ಆ ಪಾತ್ರ ಸಿಕ್ಕಿಲ್ಲ, ಬೇರೆಯವರು ಆಡಿ ಮುಗಿಸಿದರು.

ಗುರು ಅಷ್ಟು ಹಿಂಸೆ ಕೊಡುವುದು ಸರಿಯಾ?

ಸರಿಯಲ್ಲ. ಕಪಾಳಕ್ಕೆ ಹೊಡೆಯುವುದು, ಚಳಿಯಲ್ಲಿ ಹೊರಗೆ ಹಾಕುವುದು, ಮೈಗೆ ಬಿದಿರು ಕಟ್ಟುವುದು, ಇವತ್ತು ಯಾವ ನಾಟಕದ ಮೇಷ್ಟ್ರು ಮಾಡಿದರೂ ಪೊಲೀಸರು ಬರುತ್ತಾರೆ. 1970ರ ದಶಕದ ಜಪಾನಿ ಮಾಂಗಾದಲ್ಲಿ ಕ್ರೀಡೆಯ ಕಥೆಗಳು ಹೀಗೇ ಇದ್ದವು. ಬೆವರು, ರಕ್ತ, ಹಟ, ಗದರುವ ಕೋಚ್. ಆ ಅಚ್ಚನ್ನೇ ಮಿಉಚಿ ನಾಟಕಕ್ಕೆ ತಂದರು. ಆ ಕಾಲದ ವಸ್ತು ಅಂತ ಓದಬೇಕು. ಆದರೂ ತ್ಸುಕಿಕಾಗೆ ಮೇಲೆ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ. ವೇದಿಕೆಯ ದೀಪ ಮೈಮೇಲೆ ಬಿದ್ದು ಮುಖ ಕಳೆದುಕೊಂಡವಳು. ತಾನು ಸಾಯುವ ಮೊದಲು ಪಾತ್ರ ಒಬ್ಬರ ಕೈಗೆ ಒಪ್ಪಿಸಬೇಕು ಅನ್ನುವ ಅವಸರ ಅವಳದು.

ನೇರಳೆ ಗುಲಾಬಿ ಕಳಿಸುವವನು ಯಾರು? ಆ ಪ್ರೇಮಕಥೆ ಸ್ವಲ್ಪ ಒಂಥರಾ ಅಲ್ವಾ?

ಹಾಯಾಮಿ ಮಾಸುಮಿ. ದೊಡ್ಡ ಮನರಂಜನಾ ಕಂಪನಿಯ ಯುವ ಮುಖ್ಯಸ್ಥ. ‘ಕುರೆನಾಯಿ ತೆನ್ನ್ಯೋ’ ಹಕ್ಕು ಕಸಿಯಲು ಬಂದವನು. ಮಾಯಾ ಅವನನ್ನು ದ್ವೇಷಿಸುತ್ತಾಳೆ. ಅವನೇ ಹೆಸರು ಹೇಳದೆ ಪ್ರತಿ ನಾಟಕಕ್ಕೂ ನೇರಳೆ ಗುಲಾಬಿ ಕಳಿಸುವ ಅಭಿಮಾನಿ ಅಂತ ಅವಳಿಗೆ ಬಹಳ ಕಾಲ ಗೊತ್ತಿರುವುದಿಲ್ಲ.

ಅವನಿಗಿಂತ ಅವಳು 11 ವರ್ಷ ಚಿಕ್ಕವಳು, ಅದೂ ಪರಿಚಯವಾದಾಗ ಶಾಲೆಯ ಹುಡುಗಿ. ಇವತ್ತು ಓದುವಾಗ ಮುಜುಗರ ಆಗುತ್ತದೆ. ಆಗಬೇಕು ಕೂಡ. ಮಾಯಾಳ ಅಮ್ಮನ ವಿಷಯದಲ್ಲಿ ಅವನು ಮಾಡಿದ್ದಂತೂ ಕ್ಷಮಿಸುವಂಥದ್ದಲ್ಲ. ಕಾಯಿಲೆಯ ತಾಯಿಯನ್ನು ಮಗಳಿಂದ ಮರೆಮಾಡಿದ. ಅದರ ಪಾಪ ಅವನನ್ನು ಕೊನೆಯವರೆಗೂ ಕಾಡುತ್ತದೆ.

ಆದರೆ ಅವನದೇ ಒಂದು ದೃಶ್ಯ ಮರೆಯೋಕೆ ಆಗುವುದಿಲ್ಲ. ತೋಳದ ಹುಡುಗಿಯ ನಾಟಕದ ಮೊದಲ ದಿನ. ಹೊರಗೆ ಚಂಡಮಾರುತ. ಚಿಕ್ಕ ರಂಗಮಂದಿರದಲ್ಲಿ ಒಬ್ಬ ಪ್ರೇಕ್ಷಕನೂ ಇಲ್ಲ. ಕೊನೆಗೆ ಬಾಗಿಲು ತೆಗೆದು ಒಬ್ಬ ಬರುತ್ತಾನೆ, ಮೈಯೆಲ್ಲ ಒದ್ದೆ. ಮಾಸುಮಿ. ಆ ಒಬ್ಬನಿಗಾಗಿ ಇಡೀ ತಂಡ ಇಡೀ ನಾಟಕ ಆಡುತ್ತದೆ. ಹವ್ಯಾಸಿ ತಂಡದಲ್ಲಿ ಇದ್ದವರಿಗೆ ಇದರ ಬೆಲೆ ಗೊತ್ತು.

ಎಲ್ಲರ ಕಣ್ಣೂ ಯಾಕೆ ಆಗಾಗ ಬೆಳ್ಳಗಾಗುತ್ತೆ?

ಆಘಾತ ಆಗಿದೆ ಅಂತ ಅರ್ಥ. ಕಪ್ಪು ಗುಡ್ಡೆ ಮಾಯ, ಹಿಂದೆ ಮಿಂಚು. ತ್ಸುಕಿಕಾಗೆ ಹೀಗೆ ನಿಂತು ‘ಒಸೊರೋಶೀ ಕೋ!’ ಅನ್ನುತ್ತಾಳೆ. ‘ಭಯಂಕರ ಹುಡುಗಿ!’ ಅಂತ. ಮೆಚ್ಚುಗೆಯೇ ಅದು. ಜಪಾನಿನಲ್ಲಿ ಮಾಂಗಾ ಓದದವರಿಗೂ ಈ ಬಿಳಿಗಣ್ಣಿನ ಚಿತ್ರ ಗೊತ್ತು. ನಮ್ಮಲ್ಲಿ ಸಿನಿಮಾ ಡೈಲಾಗ್‌ಗಳು ಮೀಮ್ ಆಗುವ ಹಾಗೆ.

ಮೊದಲು ಡಯಲ್ ತಿರುಗಿಸುವ ಫೋನ್, ಆಮೇಲೆ ಮೊಬೈಲ್. ಎಷ್ಟು ವರ್ಷದ ಕಥೆ ಇದು?

ಕಥೆಯೊಳಗೆ ಏಳೆಂಟು ವರ್ಷ. ಮಾಯಾ 13ರಿಂದ 20ರ ಆಸುಪಾಸಿಗೆ ಬರುತ್ತಾಳೆ. ಹೊರಗಡೆ ಆ ಹೊತ್ತಿಗೆ ಮೂರು ದಶಕ ಕಳೆದಿತ್ತು. ಮೊದಲು ಕಿರಿಕಿರಿ ಅನ್ನಿಸಿತು, ಈಗ ಮುದ್ದಾಗಿ ಕಾಣುತ್ತದೆ.

ಯಾಕೆ ಮುಗಿದಿಲ್ಲ?

ಮಿಉಚಿ ತಿದ್ದುವುದನ್ನು ನಿಲ್ಲಿಸುವುದಿಲ್ಲ. ಪತ್ರಿಕೆಯಲ್ಲಿ ಬಂದ ಅಧ್ಯಾಯವನ್ನು ಪುಸ್ತಕ ಮಾಡುವಾಗ ಮತ್ತೆ ಬರೆಯುತ್ತಾರೆ. ಬರೀ ಅಲ್ಲಿ ಇಲ್ಲಿ ಅಲ್ಲ, ಕಥೆಯ ದಿಕ್ಕೇ ಬದಲಾಗುವಷ್ಟು. 1990ರ ದಶಕದಲ್ಲಿ ಪತ್ರಿಕೆಯಲ್ಲಿ ಬಂದ ಎಷ್ಟೋ ಪುಟಗಳು ಪುಸ್ತಕಕ್ಕೆ ಸೇರಲೇ ಇಲ್ಲ. ಹಳೆಯ ಸಂಚಿಕೆ ಕೂಡಿಟ್ಟವರ ಹತ್ತಿರ ಮಾತ್ರ ಇವೆ. 41ನೆಯ ಸಂಪುಟ 1998ರಲ್ಲಿ ಬಂತು. 42ನೆಯದು ಬಂದದ್ದು 2004ರಲ್ಲಿ. 2008ರಲ್ಲಿ ‘ಬೆಸ್ಸಾತ್ಸು ಹಾನಾ ತೋ ಯುಮೆ’ ಅನ್ನುವ ಸೋದರ ಪತ್ರಿಕೆಯಲ್ಲಿ ಮತ್ತೆ ಶುರುವಾಗಿ, 49ರವರೆಗೆ ಓಡಿ, ನಿಂತಿತು. 50ನೆಯದು ಬರುತ್ತದೆ ಅಂತ ಸುದ್ದಿಯಾಗಿ ಮುಂದಕ್ಕೆ ಹೋಯಿತು. ಧಾರಾವಾಹಿ ಬರುತ್ತಿದ್ದ ಆ ಪತ್ರಿಕೆಯೇ 2018ರಲ್ಲಿ ನಿಂತಿತು.

ಕೊನೆ ಇಲ್ಲದ ಕಥೆ ಯಾಕೆ ಓದಬೇಕು?

ಒಳಗಿನ ನಾಟಕಗಳಿಗೆ ಕೊನೆ ಇದೆಯಲ್ಲ. ಪ್ರತಿಯೊಂದೂ ಶುರುವಾಗುತ್ತದೆ, ಕಾಡುತ್ತದೆ, ಪರದೆ ಬೀಳುತ್ತದೆ. ಹೊರಗಿನ ಕಥೆ ನಿಂತಿದ್ದರೂ ಹೊಟ್ಟೆ ತುಂಬಿರುತ್ತದೆ.

ಅನಿಮೆ (ಜಪಾನಿ ಕಾರ್ಟೂನ್) ನೋಡಿದರೆ ಸಾಲದಾ? ಯಾವುದು ನೋಡಲಿ?

1984ರಲ್ಲಿ ಒಂದು ಟಿವಿ ಸರಣಿ, 1998ರಲ್ಲಿ ಮೂರು ಕಂತಿನ ಒಂದು ವಿಡಿಯೋ, 2005ರಲ್ಲಿ 51 ಕಂತಿನ ಇನ್ನೊಂದು ಸರಣಿ. ಕೊನೆಯದರಲ್ಲಿ ಕಾಲವನ್ನು ಈಚೆಗೆ ತಂದಿದ್ದಾರೆ. ಶುರು ಮಾಡೋಕೆ ಅದೇ ಸುಲಭ. ಇದಲ್ಲದೆ 1997ರಲ್ಲಿ ಟಿವಿ ಧಾರಾವಾಹಿ ಬಂತು, ಅಡಾಚಿ ಯುಮಿ ಮಾಯಾ ಆಗಿದ್ದರು. ವೇದಿಕೆಗೂ ಬಂದಿದೆ. 1988ರಲ್ಲಿ ಕಬುಕಿ ಅನ್ನುವ ಸಾಂಪ್ರದಾಯಿಕ ಜಪಾನಿ ರಂಗಕಲೆಯ ದೊಡ್ಡ ನಟ ಬಾಂಡೋ ತಮಾಸಾಬುರೋ ನಿರ್ದೇಶಿಸಿದರು. 2008ರಲ್ಲಿ ನಿನಾಗಾವಾ ಯುಕಿಯೋ ಸಂಗೀತ ನಾಟಕ ಮಾಡಿದರು. ನಾಟಕದವರೇ ಈ ಮಾಂಗಾವನ್ನು ಕೈಗೆತ್ತಿಕೊಂಡಿದ್ದಾರೆ ಅನ್ನುವುದನ್ನು ಗಮನಿಸಿ.

ಆದರೂ ಪುಸ್ತಕದ ಸುಖ ಬೇರೆ. ಅನಿಮೆಯಲ್ಲಿ ಮಾಯಾಳ ದನಿ ಕೇಳಿಸುತ್ತದೆ. ಕೇಳಿಸಿದ ಕೂಡಲೇ ಅದು ಒಬ್ಬ ಕಲಾವಿದೆಯ ದನಿ ಆಗಿಬಿಡುತ್ತದೆ, ಚೆನ್ನಾಗಿದೆ, ಅಷ್ಟೇ. ಪುಸ್ತಕದಲ್ಲಿ ಕೇಳಿಸದ ದನಿ ಇದೆಯಲ್ಲ, ಅದನ್ನು ಮೀರಿಸೋದು ಯಾರಿಗೂ ಸಾಧ್ಯವಿಲ್ಲ.

ಕನ್ನಡದಲ್ಲಿ ಇದೆಯಾ? ಜಪಾನಿ ಬರದವರು ಏನು ಮಾಡಬೇಕು?

ಕನ್ನಡದಲ್ಲಿ ಇಲ್ಲ. ನಾನು 2005ರ ಅನಿಮೆಯನ್ನು ಇಂಗ್ಲಿಷ್ ಅಡಿಬರಹದ ಜೊತೆ ನೋಡಿ, ಹುಚ್ಚು ಹಿಡಿದು, ಆಮೇಲೆ ಜಪಾನಿ ಪುಸ್ತಕಕ್ಕೆ ಕೈ ಹಾಕಿದವನು. ಇಂಥ ಮಾಂಗಾಗಳಲ್ಲಿ ಕಾಂಜಿಯ (ಚೀನಾದಿಂದ ಬಂದ ಲಿಪಿಯ ಅಕ್ಷರ) ಪಕ್ಕದಲ್ಲೇ ಅದನ್ನು ಓದುವ ರೀತಿ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಒಂದು ವರ್ಷ ಜಪಾನಿ ಕಲಿತವರು ನಿಘಂಟು ಹಿಡಿದು ಕುಂಟುತ್ತಾ ಓದಬಹುದು. ಬಲದಿಂದ ಎಡಕ್ಕೆ ಓದಬೇಕು. ಮೊದಲ ವಾರ ನಾನು ಉತ್ತರ ಮೊದಲು, ಪ್ರಶ್ನೆ ಆಮೇಲೆ ಓದುತ್ತಿದ್ದೆ.

ನಾನು ಹವ್ಯಾಸಿ ನಾಟಕ ಮಾಡ್ತೀನಿ. ಇದರಿಂದ ಕಲಿಯೋದು ಏನಾದ್ರೂ ಇದೆಯಾ?

ಮಳೆಯಲ್ಲಿ ನಿಲ್ಲುವುದು, ಮಣ್ಣು ತಿನ್ನುವುದು ಬಿಟ್ಟು, ಇದೆ.

ಕಾಲೇಜಿನಲ್ಲಿ ಒಂದು ಪೌರಾಣಿಕ ನಾಟಕದಲ್ಲಿ ನನಗೆ ದ್ವಾರಪಾಲಕನ ಪಾತ್ರ. 40 ನಿಮಿಷ ಭರ್ಜಿ ಹಿಡಿದು ನಿಲ್ಲಬೇಕು, ಮಾತೇ ಇಲ್ಲ. ಸುಲಭ ಅಂತ ತಾಲೀಮಿಗೆ ಸರಿಯಾಗಿ ಹೋಗಲಿಲ್ಲ. ಪ್ರದರ್ಶನದ ದಿನ ಮೂಗಿನ ಮೇಲೆ ಸೊಳ್ಳೆ ಕೂತಿತು. ತಡೆದೆ, ತಡೆದೆ, ಕೊನೆಗೆ ರಾಜ ಶಾಪ ಕೊಡುವ ಹೊತ್ತಿಗೆ ಸರಿಯಾಗಿ ಪಟ್ ಅಂತ ಹೊಡೆದುಕೊಂಡೆ. ಸಭೆ ನಕ್ಕಿತು. ರಾಜ ಆಡಿದವನು ಒಂದು ತಿಂಗಳು ಮಾತು ಬಿಟ್ಟ.

ಗೊಂಬೆಯ ಅಧ್ಯಾಯ ಓದುವಾಗ ಆ ಸೊಳ್ಳೆ ನೆನಪಾಯಿತು. ಮಾತಿಲ್ಲದ ಪಾತ್ರಕ್ಕೂ ಬಿದಿರು ಕಟ್ಟಿಕೊಂಡು ಅಭ್ಯಾಸ ಮಾಡುವವರು ಇದ್ದಾರೆ, ಭರ್ಜಿ ಒರಗಿಸಿಕೊಂಡು ಸುಮ್ನೆ ನಿಲ್ಲುವವರೂ ಇದ್ದಾರೆ. ದ್ವಾರಪಾಲಕ ಯಾವ ಊರಿನವನು, ಎಷ್ಟು ಹೊತ್ತಿನಿಂದ ನಿಂತಿದ್ದಾನೆ, ರಾಜನ ಬಗ್ಗೆ ಏನು ಅಂದುಕೊಂಡಿದ್ದಾನೆ? ಇದನ್ನೆಲ್ಲ ನಾನು ಕೇಳಿಕೊಂಡಿರಲೇ ಇಲ್ಲ.

ಇದೇ ಬಗೆಯ ಬೇರೆ ಮಾಂಗಾ ಹೇಳಿ.

ನಗು ಬೇಕಿದ್ದರೆ ನಾಕಾಮುರಾ ಯೋಶಿಕಿಯ ‘ಸ್ಕಿಪ್ ಬೀಟ್’. 2002ರಲ್ಲಿ ಇದೇ ‘ಹಾನಾ ತೋ ಯುಮೆ’ಯಲ್ಲಿ ಶುರುವಾದದ್ದು. ಕೈಕೊಟ್ಟ ಹುಡುಗನ ಮೇಲೆ ಸೇಡು ತೀರಿಸಿಕೊಳ್ಳಲು ಸಿನಿಮಾರಂಗಕ್ಕೆ ಬಂದವಳು, ಬರಬರುತ್ತಾ ನಟನೆಯನ್ನೇ ಪ್ರೀತಿಸಲು ಶುರು ಮಾಡುತ್ತಾಳೆ. ಹುಡುಗಿಯರೇ ಎಲ್ಲ ಪಾತ್ರ ಮಾಡುವ ಸಂಗೀತ ನಾಟಕದ ಶಾಲೆಯ ಕಥೆ ಬೇಕಿದ್ದರೆ ಸಾಯಿಕಿ ಕುಮಿಕೊ ಬರೆದ ‘ಕಾಗೆಕಿ ಶೋಜೊ’.

ಕೊನೆಗೆ ಪಾತ್ರ ಯಾರಿಗೆ ಸಿಗಬೇಕು?

ಆಯುಮಿಗೆ. ಕೊನೆಯ ಸಂಪುಟಗಳಲ್ಲಿ ಅವಳಿಗೆ ತಲೆಗೆ ಪೆಟ್ಟಾಗಿ ಕಣ್ಣು ಮಂಜಾಗುತ್ತಾ ಹೋಗುತ್ತದೆ. ಯಾರಿಗೂ ಹೇಳುವುದಿಲ್ಲ. ವೇದಿಕೆಯ ಅಳತೆಯನ್ನು ಹೆಜ್ಜೆಯಲ್ಲಿ, ಎದುರಿನವರ ದೂರವನ್ನು ದನಿಯಲ್ಲಿ ಕಲಿಯುತ್ತಾಳೆ. ಎಲ್ಲವನ್ನೂ ಲೆಕ್ಕ ಹಾಕಿ ಆಡುತ್ತಿದ್ದವಳು ಕಣ್ಣು ಹೋದಮೇಲೆ ಮೊದಲ ಸಲ ಮಾಯಾಳ ಹಾಗೆ ಮೈಯಿಂದ ಆಡಲು ಶುರು ಮಾಡುತ್ತಾಳೆ.

ನನ್ನ ತಂಗಿ ಮಾಯಾ ಕಡೆ. ಈ ಜಗಳ ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆ ಆಗುತ್ತದೆ. ಇಬ್ಬರೂ ಒಪ್ಪಿಕೊಂಡದ್ದು ಒಂದೇ. ಕಪಾಟಿನಲ್ಲಿ 49ರ ಪಕ್ಕ ಒಂದು ಪುಸ್ತಕದಷ್ಟು ಜಾಗ ಬಿಟ್ಟಿದ್ದೇವೆ. ಸದ್ಯಕ್ಕೆ ಅಲ್ಲಿ ಅವಳ ಕನ್ನಡಕದ ಡಬ್ಬಿ ಇದೆ.